ಹಾಡಿನ ದಾರಿಯಲ್ಲಿ ಬಂದ ಮಾತು

"ಹಂದಿ!" ಎಂದರು ತಾತ.

ಮೊಮ್ಮಗಳು ಮಸಿನಾ ಚಹಾ ತಂದುಕೊಟ್ಟಳು. ತಾತ ಕೇಳಿದ್ದು ಅದನ್ನೇ. ತಲೆಯೊಳಗೆ ರಕ್ತ ಕಟ್ಟಿ ಬಲಗೈ ಸೋತ ಮೇಲೆ, ಏನು ಹೇಳಹೋದರೂ ಅವರ ಬಾಯಿಗೆ ಬರುವುದು ಅದೊಂದೇ ಪದ. ಬೀಸಣಿಗೆಯೂ ಹಂದಿ, ಮಸಿನಾಳೂ ಹಂದಿ.

"ಮೊನ್ನೆ ಪಾದ್ರಿಗಳಿಗೂ ಅಂದ್ರು ಕಣೇ!" ಅಣ್ಣ ಇಯೋನಾ ಪಾದ್ರಿಗಳ ಮುಖ ಮಾಡಿ ತೋರಿಸಿದ. ಹುಬ್ಬು ಮೇಲೆ, ಗಲ್ಲ ಕೆಳಗೆ.

ಮಸಿನಾ ಕಿಸಕ್ಕನೆ ನಕ್ಕಳು. ತಾತ ನಗಲಿಲ್ಲ.

ಬರುವ ಭಾನುವಾರ ಮಕ್ಕಳ ಹಬ್ಬ. ಬಿಳಿ ಬಟ್ಟೆ ತೊಟ್ಟು ಮಸಿನಾ ಚರ್ಚಿನಲ್ಲಿ ಬೈಬಲ್ ವಚನ ಹೇಳಬೇಕು. ಪ್ರತಿವರ್ಷ ತಾತ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು.

"ಬರ್ತೀರಲ್ವಾ, ತಾತ?"

ತಾತ ಅಡ್ಡಡ್ಡ ತಲೆಯಾಡಿಸಿ ಆ ಕಡೆ ಹೊರಳಿಕೊಂಡರು.

ಸಂಜೆ ದ್ವೀಪದ ರೂಢಿಯಂತೆ ಶಂಖ ಊದಿದರು. ಊರೆಲ್ಲ ಪ್ರಾರ್ಥನೆಗೆ ಕೂರುವ ಹೊತ್ತು. ಮನೆಯ ಹಿರಿಯರೇ ಹಾಡು ಎತ್ತಿಕೊಡಬೇಕು. ಆದರೆ ತಾತನಿಗೆ ಮುಜುಗರ ಆಗದಿರಲೆಂದು ಅವರನ್ನು ಒಳಕೋಣೆಯಲ್ಲೇ ಬಿಡುತ್ತಿದ್ದರು. ಇವತ್ತು ಮಸಿನಾ ಅವರನ್ನು ಕೈಹಿಡಿದು ಕರೆತಂದು ಚಾಪೆಯ ಮೇಲೆ ಕೂರಿಸಿದಳು.

ದೊಡ್ಡಪ್ಪ ಹಾಡು ಎತ್ತಿದರು. ಎತ್ತಿದ್ದು ತೆಂಗಿನಮರದಷ್ಟು ಎತ್ತರಕ್ಕೆ. ಎರಡನೇ ಸಾಲಿಗೆ ಕಾಯಿಯ ಹಾಗೆ ದೊಪ್ಪನೆ ಬಿದ್ದರು. ಎಲ್ಲರೂ ನಿಲ್ಲಿಸಿದರು.

ಆಗ ತಗ್ಗಿದ ದನಿಯೊಂದು ಹಾಡನ್ನು ಮುಂದುವರಿಸಿತು. ಪದಪದವೂ ಸ್ಪಷ್ಟ. ನಡುವೆ ಒಂದು ಹಂದಿಯೂ ನುಗ್ಗಲಿಲ್ಲ.

ತಾತ!

ಮರುದಿನ ನರ್ಸ್ ತಿರೇಸಾ ಬಂದಾಗ ಮಸಿನಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ತಲೆ ಅಂದ್ರೆ ಒಂದೇ ಮನೆ ಅಲ್ಲ ಪುಟ್ಟಿ, ಊರು," ಎಂದರು ತಿರೇಸಾ. "ಒಂದು ಮನೆಯಿಂದ ಒಲೇಲಿ ಕಾಯಿಸೋ ಕಲ್ಲು, ಇನ್ನೊಂದರಿಂದ ಕೆಸುವಿನ ಗಡ್ಡೆ, ಮತ್ತೊಂದರಿಂದ ತೆಂಗಿನಹಾಲು ಬಂದ್ರೆ ತಾನೇ ಹಬ್ಬದಡಿಗೆ ಆಗೋದು? ತಾತನ ತಲೇಲಿ ಎಡಗಡೆ, ಮಾತಿನ ಮನೆಗಳಿಗೆ ಬಿರುಗಾಳಿ ಹೊಡೆದಿದೆ. ಬಲಗಡೆ ರಾಗದ ಮನೆಗಳು ನೆಟ್ಟಗಿವೆ."

"ಮಾತು ಆ ದಾರೀಲಿ ಬರಲ್ವಾ?"

"ಬರಬಹುದು. ಎಡಗೈಲಿ ತಾಳ ಹಾಕಿಸು, ಚಿಕ್ಕ ಮಾತು ಹಾಡಿಸು. ಎಲ್ಲಾ ಬರುತ್ತೆ ಅಂತ ಮಾತ್ರ ಹೇಳಲಾರೆ."

ವಾರವಿಡೀ ಮನೆಯಲ್ಲಿ ಒಂದೇ ಮಾತಿನ ಹಾಡು. ಮಸಿನಾ ಹಾಡಿದಳು, ತಾತ ತೊದಲಿದರು. ಇಯೋನಾ ಕೂಡ ಅಣಕಿಸುವುದನ್ನು ಬಿಟ್ಟು ಶ್ರುತಿ ಕೊಟ್ಟ. ಶನಿವಾರ ಆ ಮಾತು ಪೂರ್ತಿ ಹೊರಬಂತು. ಭಾನುವಾರ ತಾತ ತಮ್ಮ ಬಿಳಿ ಅಂಗಿಯತ್ತ ತಾವೇ ಬೆರಳು ತೋರಿಸಿದರು.

ಚರ್ಚಿನ ಬಾಗಿಲಲ್ಲಿ ಪಾದ್ರಿಗಳು ಕೇಳಿದರು: "ಹೇಗಿದ್ದೀರಿ, ಯಜಮಾನ್ರೇ?"

ತಾತನ ಕಾಲು ಮನೆಯ ಕಡೆ ತಿರುಗಿತು. ಮಸಿನಾ ಅವರ ಎಡ ಅಂಗೈ ಮೇಲೆ ಮೆಲ್ಲಗೆ ತಾಳ ತಟ್ಟಿದಳು.

"ಚೆ... ನ್ನಾ... ಗಿ... ದ್ದೇ... ನೆ," ಎಂದು ತಾತ ಹಾಡಿದರು.

ಪಾದ್ರಿಗಳು ಅದೇ ರಾಗದಲ್ಲಿ, "ಒ... ಳ... ಗೆ ಬನ್ನೀ," ಎಂದರು.

"ಬೇ... ಗ ಹೋಗೀ, ಬಿಸಿಲೂ," ಹಿಂದಿನಿಂದ ಇಯೋನಾ ಮೂರನೇ ಸಾಲು ಸೇರಿಸಿದ. ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ತಾತ.

ಮಸಿನಾಳ ಸರದಿ ಬಂತು. ಅವಳು ವಚನ ಶುರು ಮಾಡಿದಳು. ಮುಂದಿನ ಬೆಂಚಿನಲ್ಲಿ ತಾತನ ತುಟಿ ಅಲುಗಲಿಲ್ಲ. ಎಡಗೈ ಬೆರಳು ಮಾತ್ರ ಮೊಣಕಾಲ ಮೇಲೆ ಅವಳ ಒಂದೊಂದು ಪದಕ್ಕೂ ತಟ್ಟುತ್ತಿತ್ತು.

ಕೊನೆಯ ಪದಕ್ಕೆ ಮುಂಚೆ ಅವಳು ಬೇಕೆಂದೇ ತಡೆದಳು.

ಬೆರಳು ಗಾಳಿಯಲ್ಲೇ ನಿಂತು, ಅವಳಿಗಾಗಿ ಕಾಯಿತು.