ನೊರೆ ಡೀಸೆಲ್

"ಪಟಪಟಪಟ... ಪಟ್... ಪಟ್... ಪುಸ್!"

ಇಂಜಿನ್ ನಿಂತೇ ಹೋಯಿತು. ನಾಲೆಯಿಂದ ನೀರೆತ್ತಿ ಗದ್ದೆಗೆ ಬಿಡುತ್ತಿದ್ದ ಪೈಪು ಕೊನೆಯ ಗುಟುಕು ನೀರು ಉಗುಳಿ ಸುಮ್ಮನಾಯಿತು.

"ಏನಮ್ಮಿ ಭವ್ಯ, ಏನ್ಮಾಡ್ದೆ?" ಗದ್ದೆಯ ಆ ತುದಿಯಿಂದ ಅವ್ವ ಬಸವಮ್ಮ ಕೂಗಿದಳು.

"ನಾನೇನೂ ಮಾಡ್ಲಿಲ್ಲ ಕಣವ್ವ!"

ಹಸಿ ಹಸಿ ಸುಳ್ಳು. ಮಾಡಿದ್ದು ಬೇಕಾದಷ್ಟಿತ್ತು.

ಭವ್ಯ ಆರನೇ ಕ್ಲಾಸು. ಹೋದ ವಾರ ಶಾಲೆಯ ಸೈನ್ಸ್ ಎಕ್ಸಿಬಿಷನ್‌ನಲ್ಲಿ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚಿ, ಬತ್ತಿ ಆರಿದ ಮೇಲೆ, "ಗಾಳಿ ಇಲ್ಲದೆ ಏನೂ ಉರಿಯುವುದಿಲ್ಲ" ಎಂದು ಗಟ್ಟಿಯಾಗಿ ಹೇಳಿ ಫಸ್ಟ್ ಪ್ರೈಜ್ ಹೊಡೆದಿದ್ದಳು. ಅವತ್ತಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅಬ್ಬಬ್ಬಾ, ಏನು ಜಂಬ! ಅಜ್ಜಿ ಒಲೆ ಊದಿದರೂ ಪಾಠ, ಅವ್ವ ದೀಪ ಹಚ್ಚಿದರೂ ಪಾಠ.

ಪಕ್ಕದ ಗದ್ದೆಯ ಮಾದೇಶ್ ಅವಳದೇ ಕ್ಲಾಸು. "ಬತ್ತಿ ಯಾಕೆ ಆರಿತು?" ಅಂತ ಮಿಸ್ ಕೇಳಿದಾಗ ಪಾಪ ಅವನು, "ಒಳಗೆ ಸೆಕೆ ಆಗಿ ಮಿಸ್" ಅಂದಿದ್ದ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಅವನಿಗೆ 'ಸೆಕೆ ಮಾದೇಶ' ಅಂತ ಹೆಸರಿಟ್ಟವಳು ಭವ್ಯಳೇ.

ಇವತ್ತು ಭಾನುವಾರ. ಅಪ್ಪ ಊರಿನವರ ಜೊತೆ ನಡೆದುಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗಿದ್ದ. ನಾಲೆಯ ನೀರಿನ ಪಾಳಿ ಇವರಿಗೆ ಹನ್ನೊಂದು ಗಂಟೆವರೆಗೆ ಮಾತ್ರ. ಆಮೇಲೆ ಮಾದೇಶನ ಅಪ್ಪ ಷಡಕ್ಷರಿಯದು. ಈಗ ತಪ್ಪಿದರೆ ಮತ್ತೆ ಎಂಟು ದಿನಕ್ಕೆ. ಅಷ್ಟರಲ್ಲಿ ಒಟ್ಲು ಪಾತಿಯಲ್ಲಿ ನಾಟಿಗೆಂದು ಬೆಳೆಸಿದ ಭತ್ತದ ಸಸಿಯೆಲ್ಲ ಒಣಗಿ ಹೋಗುತ್ತದೆ.

"ಟ್ಯಾಂಕ್ ಖಾಲಿ ಆಗೋಕ್ ಮುಂಚೆ ಈ ಡೀಸಲ್ಲ ಸುರಿದ್ಬುಡು ಮಗಾ" ಎಂದು ಹೇಳಿ ಅವ್ವ ಬದು ಕಟ್ಟಲು ಹೋಗಿದ್ದಳು.

ಸುಮ್ಮನೆ ಸುರಿದರೆ ಅವಳು ಭವ್ಯ ಹೇಗಾದಾಳು? ಉರಿಯೋಕೆ ಗಾಳಿ ಬೇಕು. ಹಾಗಾದರೆ ಡೀಸೆಲ್‌ಗೇ ಗಾಳಿ ಬೆರೆಸಿದರೆ? ಇಂಜಿನ್ ಡಬಲ್ ಸ್ಪೀಡಲ್ಲಿ ಓಡಬೇಕು! ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಅವ್ವನಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?

ಎರಡು ಮಗ್ ತಗೊಂಡಳು. ಟೀ ಅಂಗಡಿಯವರು ಟೀ ಎತ್ತಿ ಹೊಯ್ಯುವ ಹಾಗೆ ಡೀಸೆಲ್ಲನ್ನು ಮೇಲಿಂದ ಕೆಳಕ್ಕೆ, ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಹೊಯ್ದಳು. ಬುಸಬುಸ ನೊರೆ ಬಂತು. ಅಷ್ಟರಲ್ಲಿ ಟ್ಯಾಂಕ್ ಬರಿದಾಗಿ ಇಂಜಿನ್ ಬಿಕ್ಕತೊಡಗಿತು. ಗಾಬರಿಬಿದ್ದು ನೊರೆ ಡೀಸೆಲ್ಲನ್ನು ದಬದಬ ಸುರಿದಳು. ಆಮೇಲೆ ಆದದ್ದೇ ಆ 'ಪುಸ್'.

ಬಸವಮ್ಮ ಓಡಿ ಬಂದು ಸೆರಗು ಸಿಕ್ಕಿಸಿ ಹ್ಯಾಂಡಲ್ ತಿರುಗಿಸಿದಳು. ಒಂದು ಸಲ, ಎರಡು ಸಲ, ಐದು ಸಲ. ಇಂಜಿನ್ ಕೆಮ್ಮಲೂ ಇಲ್ಲ.

"ಏನ್ ಬಸಮ್ಮ, ನಿಂತೋಯ್ತಾ?" ಷಡಕ್ಷರಿ ಬಂದ. ಹಿಂದೆ ಮಾದೇಶ್. "ಸೌಟು ತಿರುಗ್ಸೋ ಕೈಗೆ ಹ್ಯಾಂಡಲ್ ತಿರುಗ್ಸೋಕ್ ಬಂದದಾ? ಗಂಡ ಬರೋಗಂಟ ಸುಮ್ಕಿರಬಾರ್ದಾ?" ಅಂದವನೇ ಬದುವಿನ ಮೇಲೆ ಕೂತು ಮೊಬೈಲ್ ನೋಡಿದ. "ಹತ್ತೂಕಾಲು. ಹನ್ನೊಂದಕ್ಕೆ ನನ್ ಪಾಳಿ. ಒಂದ್ ನಿಮ್ಷಾನೂ ಬುಡಾಕಿಲ್ಲ."

ಬಸವಮ್ಮ ಅವನ ಕಡೆ ತಿರುಗಲಿಲ್ಲ. "ಏರ್ ಹಿಡ್ಕಂಡದೆ" ಅಂದಳು. ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದಳು. ಒಳಗೆ ನೊರೆಯೋ ನೊರೆ.

"ಇದ್ಯಾಕೆ ಇಂಗ್ ನೊರೆ ಬಂದದೆ?"

ಷಡಕ್ಷರಿ ಬಗ್ಗಿ ನೋಡಿ ಕೇಕೆ ಹಾಕಿದ. "ಅಯ್ಯೋ ಶಿವನೇ! ಡೀಸಲ್ಲೋ ಮಜ್ಜಿಗೆಯೋ? ಬಸಮ್ಮ ಡೀಸಲ್ ಕಡುದ್ಲು ಅಂತ ಊರಿಗೆಲ್ಲ ಹೇಳ್ತೀನಿ ಇರು!"

ಅವ್ವನ ಮುಖ ಕೆಂಪಾಯಿತು. ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕತೊಡಗಿದಳು.

ಭವ್ಯ ಮಗ್ಗುಗಳನ್ನು ಕಾಲಿನಿಂದ ಮೆಲ್ಲಗೆ ಹುಲ್ಲಿನೊಳಕ್ಕೆ ತಳ್ಳಿದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿ ಬಿಟ್ಟರೆ ನಾಳೆ ಕ್ಲಾಸಿಗೆಲ್ಲ ಗೊತ್ತಾಗುತ್ತದೆ. 'ನೊರೆ ಭವ್ಯ' ಅನ್ನುತ್ತಾರೆ. ಮಾದೇಶನೇ ಅನ್ನುತ್ತಾನೆ, ಅನ್ನದೆ ಬಿಟ್ಟಾನೆಯೇ? ಆದರೆ ಅವ್ವ ತಾನು ಮಾಡದ ತಪ್ಪಿಗೆ ತಲೆ ತಗ್ಗಿಸಿದ್ದಳು. ಅದನ್ನು ನೋಡಲಾಗಲಿಲ್ಲ.

"ಅವ್ವ ಅಲ್ಲ ಮಾವ" ಅಂದಳು. "ನಾನು. ಗಾಳಿ ಸೇರಿದ್ರೆ ಚೆನ್ನಾಗಿ ಉರೀತದೆ ಅಂತ... ಟೀ ತರ ಎತ್ತಿ ಹೊಯ್ದೆ."

ಷಡಕ್ಷರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಫಸ್ಟ್ ಪ್ರೈಜಂತೆ ಫಸ್ಟ್ ಪ್ರೈಜು! ಕೇಳುಸ್ಕಂಡ್ಯೇನ್ಲಾ ಮಾದೇಶ?"

ಮಾದೇಶ್ ನಗಲಿಲ್ಲ. ಅವನು ನೊರೆಯನ್ನೇ ನೋಡುತ್ತಿದ್ದ.

"ನಕ್ಕಿದ್ದಾಯ್ತಾ ಅಣ್ಣಯ್ಯ?" ಅಂದಳು ಬಸವಮ್ಮ. "ಆಗಿದ್ರೆ ಒಸಿ ಅತ್ಲಾಗ್ ಜರುಗಿ, ಬೆಳಕು ಬರ್ಲಿ. ಮಗಾ, ಅಗೋ ಅಲ್ಲದೆ ಸ್ಪ್ಯಾನರ್, ತಕಂಡ್ ಬಾ."

ಬೈಗುಳ ಇಲ್ಲ, ಏಟೂ ಇಲ್ಲ. ಭವ್ಯಳಿಗೆ ಅದೇ ಹೆಚ್ಚು ಉರಿಯಿತು. ಓಡಿಹೋಗಿ ಸ್ಪ್ಯಾನರ್ ತಂದಳು.

ಮೊದಲು ನೊರೆ ಇಳಿಯುವವರೆಗೆ ಕಾದರು. ಕಾಯುವುದೆಂದರೆ ಪ್ರಾಣ ಹೋದ ಹಾಗೆ. ಆಮೇಲೆ ಅವ್ವ ಫಿಲ್ಟರ್ ಮೇಲಿನ ಬೋಲ್ಟನ್ನು ಸ್ವಲ್ಪ ಸಡಿಲಿಸಿದಳು. ಪುಸುಪುಸು ಅಂತ ಗುಳ್ಳೆ ಗುಳ್ಳೆಯಾಗಿ ಡೀಸೆಲ್ ಒಸರಿತು.

"ನೀನ್ ನೋಡ್ತಿರು. ಗುಳ್ಳೆ ನಿಂತ್ ಕೂಡ್ಲೆ ಹೇಳು."

ಭವ್ಯ ಕಣ್ಣು ಮಿಟುಕಿಸದೆ ನೋಡಿದಳು. "ಇನ್ನೂ ಅದೆ... ಇನ್ನೂ ಅದೆ ಕಣವ್ವ... ಸಣ್ಣದಾಯ್ತು... ನಿಂತೋಯ್ತು!" ಗುಳ್ಳೆಯಿಲ್ಲದೆ ಡೀಸೆಲ್ ಒಂದೇ ಸಮ ಹರಿಯಿತು. ಅವ್ವ ಬಿಗಿ ಮಾಡಿದಳು. ಪಂಪಿನ ಹತ್ತಿರದ ಇನ್ನೊಂದು ಬೋಲ್ಟು. ಅಲ್ಲೂ ಹಾಗೇ ಮಾಡಿದಳು.

"ಹತ್ತೂವರೆ" ಅಂದ ಷಡಕ್ಷರಿ.

ಅವ್ವ ಹ್ಯಾಂಡಲ್ ತಿರುಗಿಸಿದಳು. ಡಬ್... ಡಬ್... ಡಬಡಬ... ಪಟಪಟಪಟ! ಪೈಪು ಒಮ್ಮೆ ಕೆಮ್ಮಿ ಗದ್ದೆಗೆ ನೀರು ಸುರಿಯಿತು. ಷಡಕ್ಷರಿ ಮೊಬೈಲ್ ಜೇಬಿಗೆ ಹಾಕಿಕೊಂಡು, "ಉಂ, ಏನೋ ಅದೃಷ್ಟ" ಎಂದು ಗೊಣಗುತ್ತ ಹೋದ. ಬಾಯಲ್ಲಿ ಒಂದು ಒಳ್ಳೆ ಮಾತು ಬಂದರೆ ಹಲ್ಲುದುರುತ್ತವೇನೋ!

"ಅವ್ವ, ಗಾಳಿ ತೆಗೆದ್ಬುಟ್ಟೆ. ಮತ್ತೆ ಡೀಸಲ್ ಎಂಗ್ ಉರೀತದೆ?" ಭವ್ಯ ಮೆಲ್ಲಗೆ ಕೇಳಿದಳು.

ಬಸವಮ್ಮ ಅವಳ ಕೈ ಹಿಡಿದು ಇಂಜಿನ್ ಪಕ್ಕದ ಗುಂಡು ಡಬ್ಬಿಯ ತೂತಿನ ಹತ್ತಿರ ಇಟ್ಟಳು. ಅಂಗೈಯನ್ನು ಯಾರೋ ಒಳಕ್ಕೆ ಎಳೆದ ಹಾಗಾಯಿತು. ಭವ್ಯ ಬೆಚ್ಚಿದಳು.

"ಇದ್ರಿಂದ ಉಸ್ರಾಡ್ತದೆ. ನೀನು ನೀರು ಕುಡಿಯೋವಾಗ ಉಸ್ರೂ ಎಳುದ್ರೆ ಏನಾಯ್ತದೆ?"

"ನೆತ್ತಿಗ್ ಹತ್ತುತದೆ."

"ಇದ್ಕೂ ಅದೇ ಆಗಿದ್ದು, ಡೀಸಲ್ ಕುಡಿಯೋ ಪೈಪ್ಗೆ ಗಾಳಿ ಸೇರ್ಕಂತು. ಮೊದ್ಲು ನಾನೂ ಒಂದ್ ದಪ ಟ್ಯಾಂಕ್ ಖಾಲಿ ಮಾಡಿ ನಿಮ್ಮಪ್ಪನ ಕೈಲಿ ಬೈಸ್ಕಂಡಿದ್ದೆ. ಆಮೇಲೆ ಅವರ್ತಾವೇ ಕೇಳ್ ಕಲ್ತೆ." ಅಷ್ಟು ಹೇಳಿ ಅವ್ವ ಗುದ್ದಲಿ ಎತ್ತಿಕೊಂಡು ಹೊರಟಳು.

ಮಾದೇಶ್ ಇನ್ನೂ ಅಲ್ಲೇ ನಿಂತಿದ್ದ.

"ಗಾಳಿ ಬ್ಯಾಡ ಅಂತಾನೇ ತೆಗುದ್ರಲ್ಲ. ಈ ಡಬ್ಬಿ ಯಾಕೆ ಬೇಕು?" ಅಂದ.

'ಇಷ್ಟೂ ಗೊತ್ತಾಗಲ್ವೇನೋ, ಸೆಕೆ ಮಾದೇಶ!' ನಾಲಿಗೆ ತುದಿವರೆಗೆ ಬಂತು. ಭವ್ಯ ಅದನ್ನು ನುಂಗಿದಳು.

"ಇಲ್ಲಿ ಕೈ ಇಡು ಮಾದೇಶ" ಅಂದಳು.

ಅವನು ಇಟ್ಟ. ಕಣ್ಣರಳಿಸಿದ. ಭವ್ಯಳಿಗೆ ಉತ್ತರ ಗೊತ್ತಿತ್ತು. ಆದರೂ ಅವನೇ ಹೇಳಲಿ ಅಂತ ಸುಮ್ಮನೆ ಕಾದಳು.