ಅವಳು ಕೆಡಿಸಿದ ಪುಟ

“ನನ್ನದೇ ತಪ್ಪು ಸರ್,” ಅಂದ ಅವನು ಅವಳ ಅಪ್ಪನಿಗೆ.

ಅವಳು ತಟ್ಟನೆ ತಲೆ ಎತ್ತಿದಳು. ತಪ್ಪು ಅವನದಲ್ಲ. ಅಪ್ಪನ ಕುರ್ಚಿ ಕಂಪನಿಯ ಹೊಸ ವೆಬ್‌ಸೈಟಿನ ಮೊದಲ ಪುಟದಲ್ಲಿ, ಆಫೀಸ್ ಕುರ್ಚಿ ಇರಬೇಕಾದ ಜಾಗದಲ್ಲಿ ಮಕ್ಕಳ ತೂಗುಕುರ್ಚಿಯನ್ನು ಕೂರಿಸಿದ್ದು ಅವಳು. ನಿನ್ನೆ ಸಂಜೆ, ಬೇಕೆಂದೇ.

ಅವನು ಸೈಟ್ ಕಟ್ಟಿಕೊಡಲು ಬಂದವನು. ಮೂಗಿನ ತುದಿಗೆ ಜಾರುವ ಕನ್ನಡಕ ನೋಡಿ, ಕಂಪನಿಯ ಲೆಕ್ಕ ನೋಡುವ ಸೋದರತ್ತೆ ಅವನಿಗೆ ‘ಕನ್ನಡಕ’ ಅಂತಲೇ ಹೆಸರಿಟ್ಟಿದ್ದರು. ಕೋಡು ಗೀಡು ಏನೂ ಗೊತ್ತಿರಬೇಕಿಲ್ಲ, ಲಾಗಿನ್ ಆಗಿ ಬರಹ, ಫೋಟೊ ನೀವೇ ಬದಲಿಸಬಹುದು ಎಂದು ಪಕ್ಕದಲ್ಲಿ ಕೂತು ಅವಳಿಗೆ ಕಲಿಸಿದ್ದ. ಅವಳು ಒಂದೇ ಸಲಕ್ಕೆ ಕಲಿತುಬಿಟ್ಟಳು. ಅದೇ ಯಡವಟ್ಟಾಯಿತು ನೋಡಿ! ಕಲಿತವಳಿಗೆ ಮತ್ತೆ ಕಲಿಸಲು ಯಾರು ಬರುತ್ತಾರೆ? ಹಾಗಾಗಿ ಒಮ್ಮೆ ಮೆನು ಮಾಯವಾಯಿತು, ಇನ್ನೊಮ್ಮೆ ಫೋನ್ ನಂಬರ್ ತಿರುಗುಮುರುಗಾಯಿತು. ಪ್ರತಿ ಸಲವೂ ಅವಳೇ ಫೋನ್ ಮಾಡಿದಳು. ಅವನು ಬಂದ, ಕನ್ನಡಕ ಮೇಲಕ್ಕೆ ತಳ್ಳಿ ಅವಳನ್ನೊಮ್ಮೆ ನೋಡಿದ, ಸರಿಮಾಡಿ ಹೋದ. ಆ ಒಂದು ನೋಟಕ್ಕಾಗಿ ಅವಳು ಇಡೀ ಸೈಟನ್ನೇ ತಲೆಕೆಳಗು ಮಾಡಲು ತಯಾರಿದ್ದಳು.

ಆದರೆ ಇಂದು ಅಪ್ಪ ಅವಳಿಗೆ ಹೇಳದೆ ಡೀಲರುಗಳನ್ನು ಕರೆದುಬಿಟ್ಟಿದ್ದರು. ದೊಡ್ಡ ಪರದೆಯ ಮೇಲೆ ಗೊಂಬೆ ಚಿತ್ರದ ತೂಗುಕುರ್ಚಿ, ಅದರ ಕೆಳಗೆ ‘ಮ್ಯಾನೇಜರುಗಳ ಮೆಚ್ಚಿನ ಆಯ್ಕೆ’. ಡೀಲರುಗಳು ಹೊಟ್ಟೆ ಹಿಡಿದು ನಕ್ಕು ಎದ್ದುಹೋದರು. ಅಪ್ಪ ಕೆಂಡಾಮಂಡಲವಾದರು. ಅವಳ ಫೋನಿಗೆ ಬಂದಿದ್ದ ಅವನು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದು ಆಗಲೇ.

“ಈಗಲೇ ಎಲ್ಲಾ ಒಪ್ಪಿಸಿ ಹೊರಡಿ. ಇನ್ಮೇಲೆ ಈ ಕಡೆ ತಲೆ ಹಾಕ್ಬೇಡಿ. ನಿಮಗೆ ಯಾರೂ ಕೆಲಸ ಕೊಡದ ಹಾಗೆ ನಾನು ನೋಡ್ಕೋತೀನಿ.”

ಅವನು ಕಂಪ್ಯೂಟರ್ ಮುಂದೆ ಕೂತ. ಪರದೆಯಲ್ಲಿ ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂದು ಸೈಟೇ ಬರೆದಿಟ್ಟುಕೊಳ್ಳುವ ಪುಟ ತೆರೆದಿತ್ತು. ಪ್ರತಿ ತಪ್ಪಿನ ಪಕ್ಕದಲ್ಲೂ ಅವಳ ಲಾಗಿನ್! ಅಪ್ಪ ಬಗ್ಗಿ ನೋಡುವಷ್ಟರಲ್ಲಿ ಅವನು ಅದನ್ನು ಮುಚ್ಚಿದ.

ಅಂದರೆ ಇವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅವನು ತನ್ನದೇ ಲಾಗಿನ್ ತೆರೆದು, ಅಳಿಸುವ ಬಟನ್ ಹತ್ತಿರ ಬಂದ. ಅದೊಂದನ್ನು ಒತ್ತಿದರೆ ಅವನು ಇಲ್ಲಿಗೆ ಬರುವ ದಾರಿಯೇ ಮುಗಿಯಿತು. ಅವಳು ಮೌಸ್ ಮೇಲಿದ್ದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು.

“ಅಪ್ಪಾ, ಕೆಡಿಸಿದ್ದು ನಾನು. ಇವತ್ತಿಂದೂ, ಹಿಂದಿನವೂ. ಇವರು ಬರಲಿ ಅಂತ.”

ಲೆಕ್ಕದ ಮೇಜಿನಿಂದ ಅತ್ತೆ ತಲೆ ಎತ್ತದೆಯೇ, “ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ್ರೆ ಜಗತ್ತಿಗೆ ಗೊತ್ತಾಗಲ್ವಾ?” ಅಂದರು.

ಅಪ್ಪ ಅವನ ಕಡೆ ತಿರುಗಿದರು. ನಿಮಗೂ ಗೊತ್ತಿತ್ತೇ ಎಂದು ಕೇಳಿದರು.

“ಗೊತ್ತಿತ್ತು ಸರ್. ಇವರ ಲಾಗಿನ್‌ನಿಂದ ಮೊದಲ ಪುಟ ಮುಟ್ಟೋಕಾಗದ ಹಾಗೆ ಮಾಡೋದು ಒಂದು ನಿಮಿಷದ ಕೆಲಸ.”

“ಮತ್ತೆ ಯಾಕೆ ಮಾಡ್ಲಿಲ್ಲ?” ಕೇಳಿದ್ದು ಅವಳು.

ಅವನು ಇನ್ನೊಂದು ಕೈಯಿಂದ ಕನ್ನಡಕ ಮೇಲಕ್ಕೆ ತಳ್ಳಿ ಅವಳನ್ನೇ ನೋಡಿದ.

“ಮಾಡಿದ್ರೆ ನೀವು ಫೋನ್ ಮಾಡ್ತಿರಲಿಲ್ಲ.”

ಅಪ್ಪ ಅವಳ ಕೈಯನ್ನೂ ಅವನ ಮುಖವನ್ನೂ ನೋಡಿ ಕಾರಿನ ಕೀಲಿ ಎತ್ತಿಕೊಂಡರು. ಡೀಲರುಗಳನ್ನು ನಾನೇ ಹೋಗಿ ಕರೆತರುತ್ತೇನೆ, ಅಷ್ಟರಲ್ಲಿ ಇಬ್ಬರೂ ಸೇರಿ ಆ ಕುರ್ಚಿ ಸರಿಮಾಡಿ ಎಂದು ಗೊಣಗುತ್ತ ಹೊರಟರು.

ಅವಳು ಕೈ ತೆಗೆಯಲಿಲ್ಲ. ತೆಗೆಯಿರಿ ಎಂದು ಅವನೂ ಹೇಳಲಿಲ್ಲ.