ಅವಳ ಹನಿಯನ್ನು ಅವನು ಓದಲಿಲ್ಲ

"ಟ್ಯೂಬ್ ಬದಲಾಯಿಸಬೇಡಿ..."

ಹಿಂದಿನಿಂದ ಬಂದ ದನಿಯ ಜೊತೆಗೇ ಒಂದು ಕೈ ಅವಳ ಮಣಿಕಟ್ಟನ್ನು ಹಿಡಿದಿತ್ತು. ಅವಳು ಉರಿದುಬಿದ್ದಳು. ಲ್ಯಾಬಿಗೆ ಸೇರಿ ವಾರವಾಗಿಲ್ಲ, ಗುರುತಿಲ್ಲದವನು ಬಂದು ಕೈ ಹಿಡಿಯುವುದೆಂದರೇನು?

ಅವನು ತಟ್ಟನೆ ಕೈ ಬಿಟ್ಟ. ಇಷ್ಟು ಕಡಿಮೆ ಜೀವಕೋಶಗಳಿರುವ ಹನಿಯನ್ನು ಇನ್ನೊಂದು ಟ್ಯೂಬಿಗೆ ಸುರಿದರೆ ಇರುವ ಚೂರುಪಾರು ಪ್ರೋಟೀನೂ ಟ್ಯೂಬಿನ ಒಳಗೋಡೆಗೆ ಅಂಟಿಹೋಗುತ್ತದೆ ಎಂದು ನೆಲ ನೋಡುತ್ತಲೇ ಹೇಳಿದ.

ಮಾಸ್ ಸ್ಪೆಕ್ಟ್ರೋಮೀಟರ್ ನಡೆಸುವವನು ಅವನೇ. ಪ್ರೋಟೀನಿನ ತುಣುಕುಗಳನ್ನು ತೂಗಿ, ಯಾವ ಜಾಗಕ್ಕೆ ಫಾಸ್ಫೇಟ್ ಅಂಟಿದೆಯೆಂದು ಹೇಳುವ ಯಂತ್ರ ಅದು. ಫಾಸ್ಫೇಟ್ ಅಂಟಿದರೆ ಕೆಲವು ಪ್ರೋಟೀನ್‌ಗಳು ನಿದ್ದೆಯಿಂದೆದ್ದು ಕೆಲಸಕ್ಕಿಳಿಯುತ್ತವೆ. ಲ್ಯಾಬಿನಲ್ಲಿ ಅವನ ಹೆಸರು ಮೌನಿ. ಮನೆಯಲ್ಲಿ ಅವಳ ಹೆಸರು ಚಿನಕುರಳಿ. ಎಣ್ಣೆ ಸೀಗೇಕಾಯಿ ಅಂದರೆ ಇದೇ ಜೋಡಿ ನೋಡಿ!

ಆದರೂ ಒಂದೇ ಪರದೆಯ ಮುಂದೆ ತಿಂಗಳುಗಟ್ಟಲೆ ಕೂತರು. ಅವನು ಯಂತ್ರ ಬರೆದ ಗೆರೆಗಳನ್ನು ತೋರಿಸುತ್ತಿದ್ದ, ಅವಳು ಮೊದಮೊದಲು ಗೆರೆಗಳನ್ನೂ ಆಮೇಲಾಮೇಲೆ ಅವನನ್ನೂ ನೋಡುತ್ತಿದ್ದಳು. ಪ್ರೀತಿಯಪ್ಪ, ಇನ್ನೇನು!

ಕೊನೆಯ ಸ್ಯಾಂಪಲ್ ಬಂತು. ಫಾಸ್ಫೇಟ್ ಅವಳು ಊಹಿಸಿದ ಜಾಗದಲ್ಲೇ ಇದೆಯೇ ಎಂದು ಅದು ಹೇಳಬೇಕು; ಅವಳ ಪಿಎಚ್‌ಡಿ ಪ್ರಬಂಧವೆಲ್ಲ ನಿಂತಿದ್ದು ಅದರ ಮೇಲೆ. ಒಬ್ಬ ರೋಗಿಯ ಬೆರಳೆಣಿಕೆಯ ಜೀವಕೋಶಗಳು, ಮತ್ತೆ ಸಿಗುವಂಥವಲ್ಲ.

"ಇದನ್ನ ದೊಡ್ಡಕ್ಕ ನೋಡ್ತಾರೆ," ಎಂದು ಅವನು ಎದ್ದುಹೋದ. ದೊಡ್ಡಕ್ಕ ಅಂದರೆ ಲ್ಯಾಬಿನ ಹಿರಿಯ ವಿಜ್ಞಾನಿ.

ಅಂದಿನಿಂದ ಅವನು ಊಟಕ್ಕೂ ಬೇರೆ ಮೇಜು ಹಿಡಿದ. ಕಾರಿಡಾರಿನಲ್ಲಿ ಎದುರಾದರೆ ಮುಖ ತಿರುಗಿಸಿದ. ಪಕ್ಕದ ಖಾಲಿ ಕುರ್ಚಿಯ ಕಡೆ ಅವಳು ಮತ್ತೆ ಮತ್ತೆ ತಿರುಗುತ್ತಿದ್ದಳು. *ನಾನೇನು ತಪ್ಪು ಮಾಡಿದೆ... ಒಂದು ಮಾತು ಹೇಳಬಾರದಿತ್ತೇ?* ಪಟಪಟ ಮಾತಾಡುವ ಮಗಳು ಹೀಗೆ ಕಲ್ಲಿನಂತೆ ಕೂತಿದ್ದು ಕಂಡು ಅಮ್ಮ ಹಣೆ ಮುಟ್ಟಿ ನೋಡಿದರು. ತಲೆನೋವು ಎಂದಳು. ಅವನು ಬೇಕು ಎಂದು ಅಮ್ಮನಿಗೆ ಹೇಗೆ ಹೇಳುವುದು?

ಫಲಿತಾಂಶ ಬಂತು. ಫಾಸ್ಫೇಟ್ ಇತ್ತು, ಆದರೆ ಅವಳು ನಂಬಿದ್ದ ಜಾಗದಲ್ಲಲ್ಲ, ಅದರ ಪಕ್ಕದಲ್ಲಿ. ಪ್ರಬಂಧದ ಅರ್ಧವನ್ನು ತಿರುಗಿ ಬರೆಯಬೇಕು ಎಂದರು ದೊಡ್ಡಕ್ಕ. ಅವಳಿಗೆ ಮೊದಲು ಅನ್ನಿಸಿದ್ದು, ಇದನ್ನು ಅವನಿಗೆ ಹೇಳಬೇಕು ಎಂದು. ಹಾಗೆ ಅನ್ನಿಸಿದ್ದಕ್ಕೇ ಸಿಟ್ಟು ನೆತ್ತಿಗೇರಿ ಯಂತ್ರದ ಕೋಣೆಗೆ ನುಗ್ಗಿದಳು.

"ನನ್ನ ಕೆಲಸ ನಿಮಗೆ ಬೇಡವಾಯ್ತು. ನಾನೂ ಬೇಡವಾದ್ನಾ?"

ಅವನು ಮತ್ತೆ ನೆಲ ನೋಡಿದ.

"ಎರಡೂ ಜಾಗ ಅಕ್ಕಪಕ್ಕ. ಗುರುತು ತುಂಬ ಮಸುಕು. ನೀವಂದುಕೊಂಡ ಕಡೆನೇ ಇರ್ಲಿ ಅಂತ ನಾನು ದೇವ್ರಿಗೆ ಕೈಮುಗೀತಿದ್ದೆ... ಅಂಥವನು ಅದನ್ನ ಓದಬಾರ್ದು. ನೀವು ನಗ್ಲಿ ಅಂತ ಇಲ್ಲದ್ದನ್ನೂ ಇದೆ ಅಂದುಬಿಡ್ತಿದ್ದೆ."

ಅವಳ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿತು.

"ಮುಖ ತಪ್ಪಿಸಿದ್ದು ಯಾಕೆ?"

"ಎದುರಿಗೆ ಸಿಕ್ಕಿದ್ರೆ ಕಾರಣ ಕೇಳ್ತಿದ್ರಿ. ನಿಮ್ಮ ಮನಸ್ಸಲ್ಲಿ ಏನಿದೆಯೋ ಗೊತ್ತಿಲ್ದೆ ಹೇಗೆ ಹೇಳ್ಲಿ?"

"ಇಷ್ಟು ದಿನ ಪಕ್ಕದಲ್ಲೇ ಕೂತು ಗೊತ್ತಾಗ್ಲಿಲ್ವಾ, ದಡ್ಡ!"

ಅವನು ಮೊದಲ ಬಾರಿಗೆ ತಲೆಯೆತ್ತಿ ಅವಳನ್ನೇ ನೋಡಿದ.

"ಹಾಗಾದ್ರೆ ಇನ್ಮೇಲೆ ನನ್ನ ಸ್ಯಾಂಪಲ್ ಓದೋದೇ ಇಲ್ವಾ?"

"ಇಲ್ಲ."

"ಯಾವತ್ತೂ?"

"ಬದುಕಿರೋವರೆಗೂ ಇಲ್ಲ."

ಅವಳು ಅಳುತ್ತಲೇ ನಕ್ಕು, ಅವನ ಭುಜಕ್ಕೆ ಹಣೆಯಿಟ್ಟಳು.